ಕಕ್ಕಡದ ಮಳೆಯಲ್ಲಿ ಕೌದಿಯ ಸುಕ್ಕು ಬಿಡಿಸಿದ್ದು

ಮಡಿಕೇರಿಯಲ್ಲಿ ಕಕ್ಕಡದ, ಅಂದರೆ ಕೊಡವರ ಆಟಿ ತಿಂಗಳ, ಮಳೆ ಹಿಡಿದರೆ ಕೌದಿ ಹೊಲಿಯಲು ಬೇಕಾದಷ್ಟು ಪುರುಸೊತ್ತು. ಅರ್ಧಕ್ಕೆ ನಿಂತ ಕೌದಿಗಳಿಗೂ ನನ್ನಲ್ಲಿ ಬರವಿಲ್ಲ. ಅವುಗಳಲ್ಲಿ ಹಳೆಯ ಹತ್ತಿ ಸೀರೆಗಳ ದೊಡ್ಡ ಕೌದಿಯೊಂದು ಹೊಲಿದಷ್ಟೂ ಅಡಿಬದಿಯಲ್ಲಿ ಸುಕ್ಕುಗಟ್ಟುತ್ತಿತ್ತು.

ಹೊಲಿಯುವಾಗ ಮೇಲಿನ ಪದರ ಚೂರುಚೂರೇ ಮುಂದೆ ಸರಿಯುತ್ತದೆ. ಅಡಿಯ ಸೀರೆ ಸಡಿಲವಾಗಿದ್ದರೆ ಅಲ್ಲೇ ಮಡಿಕೆ ಬೀಳುತ್ತದೆ. ಗುಂಡುಸೂಜಿ ಚುಚ್ಚಿಡೋಣವೆಂದರೆ ಈ ಥಂಡಿಗೆ ಅವು ತುಕ್ಕು ಹಿಡಿದು ಬಟ್ಟೆಗೆ ಕಂದು ಚುಕ್ಕೆ ಅಂಟಿಸುತ್ತವೆ.

ಕೊನೆಗೆ ಕೈಹಿಡಿದದ್ದು ಕಚ್ಚಾ ಹೊಲಿಗೆ, ಅಂದರೆ ಆಮೇಲೆ ಬಿಚ್ಚಿಹಾಕುವ ತಾತ್ಕಾಲಿಕ ಹೊಲಿಗೆ. ಅಡಿಯ ಸೀರೆಯನ್ನು ನೆಲದ ಮೇಲೆ ಹರಡಿ, ಅಂಚುಗಳನ್ನು ಅಂಟುಪಟ್ಟಿಯಿಂದ ಹಿಡಿಸಿದೆ. ಬಟ್ಟೆ ಸಪಾಟಾಗಿದ್ದರೆ ಸಾಕು. ಎಳೆದು ಬಿಗಿದರೆ ಪಟ್ಟಿ ಕಿತ್ತೊಡನೆ ಕುಗ್ಗಿ ಮತ್ತೆ ಸುಕ್ಕಾಗುತ್ತದೆ. ಉಳಿದ ಪದರಗಳನ್ನು ಅಂಗೈಯಿಂದ ನಡುವಿನಿಂದ ಹೊರಕ್ಕೆ ಸವರಿ, ಬಿಳಿ ದಾರದಲ್ಲಿ ಉದ್ದುದ್ದ ಹೊಲಿಗೆ ಹಾಕಿದೆ. ನಾಲ್ಕು ಬೆರಳಿಗೊಂದು ಸಾಲು, ಅದೂ ನಡುವಿನಿಂದಲೇ ಶುರು. ಬೇಸರದ ಕೆಲಸ, ನಿಜ. ಆದರೆ ಆಮೇಲೆ ಹಾಕಿದ ಅಸಲು ಹೊಲಿಗೆಯಲ್ಲಿ ಒಂದು ಮಡಿಕೆಯೂ ಬರಲಿಲ್ಲ. ಉತ್ತರ ಕನ್ನಡದ ಸಿದ್ದಿ ಸಮುದಾಯದ ಮಹಿಳೆಯರು ಅಂಚಿನಿಂದ ಒಳಮುಖವಾಗಿ ಸುತ್ತುತ್ತಾ ಹೊಲಿಯುತ್ತಾರೆ. ಆ ಪಳಗಿದ ಕೈ ನನ್ನದಲ್ಲ.

ಕೆಂಪು ತುಂಡುಗಳ ಕೌದಿ ಮಾತ್ರ ಇನ್ನೂ ಶುರುವಾಗಿಲ್ಲ. ಒದ್ದೆ ಬಿಳಿ ಬಟ್ಟೆಯಿಂದ ಉಜ್ಜಿ ನೋಡಿದರೆ ಬಣ್ಣ ಬಿಡುತ್ತಿದೆ. ಉಪ್ಪು, ವಿನೆಗರ್‌ಗಳಿಂದ ಬಣ್ಣ ನಿಲ್ಲುತ್ತದೆಂಬುದರಲ್ಲಿ ನನಗೆ ನಂಬಿಕೆಯಿಲ್ಲ. ನೀರು ತಿಳಿಯಾಗುವವರೆಗೆ ನೆನೆಸಿ ಹಿಂಡುವುದೇ ಸರಿ. ಸದ್ಯಕ್ಕೆ ಆ ತುಂಡುಗಳು ಒಲೆಯ ಮೇಲಿನ ಹಗ್ಗದಲ್ಲಿ ಒಣಗುತ್ತಿವೆ.