ಪ್ರೈವೇಟ್ ಕಾಲೇಜಿಗೂ ರಿಸರ್ಚ್ ಪ್ರಾಜೆಕ್ಟ್ ಬರುತ್ತದೆ: ನನ್ನ ಅನುಭವ

ಸ್ಯಾಂಕ್ಷನ್ ಲೆಟರ್ ಬಂದ ವಾರ ಫೋನ್ ಮಾಡಿದವರಲ್ಲಿ ಅರ್ಧ ಜನ ಕೇಳಿದ್ದು ಒಂದೇ ಮಾತು: "ಯಾರ ಪರಿಚಯ ಇತ್ತು ಮೇಡಂ?" ಯಾರದ್ದೂ ಇರಲಿಲ್ಲ. ನಮ್ಮದು ತುಮಕೂರು ಕಡೆಯ ಪ್ರೈವೇಟ್ ಇಂಜಿನಿಯರಿಂಗ್ ಕಾಲೇಜು. ಅದರಲ್ಲೂ ನಾನಿರುವುದು ಕೆಮಿಸ್ಟ್ರಿ ವಿಭಾಗ. ನಮಗೆ ಸ್ವಂತ ಬ್ರಾಂಚ್ ಇಲ್ಲ, ಫೈನಲ್ ಇಯರ್ ಹುಡುಗರಿಲ್ಲ. ಒಂದು ಸೆಮಿಸ್ಟರ್ ಫಸ್ಟ್ ಇಯರ್‌ನ ಅರ್ಧ ಹುಡುಗರ ಕೆಮಿಸ್ಟ್ರಿ ಸೈಕಲ್ ಮುಗಿಸಿದರೆ ಮುಂದಿನ ಸೆಮಿಸ್ಟರ್ ಉಳಿದರ್ಧದ ಕೆಮಿಸ್ಟ್ರಿ ಸೈಕಲ್. ಇಂಥ ಕಡೆ ಕೂತು, ನೀರಿನಿಂದ ಫ್ಲೋರೈಡ್ ತೆಗೆಯುವ ಪ್ರಾಜೆಕ್ಟಿಗೆ ಎಸ್‌ಇಆರ್‌ಬಿಯ (ಸಂಶೋಧನೆಗೆ ಹಣ ಕೊಡುತ್ತಿದ್ದ ಕೇಂದ್ರದ ಮಂಡಳಿ) ಶ್ಯೂರ್ ಸ್ಕೀಮಿನಲ್ಲಿ (ರಾಜ್ಯದ ವಿವಿ, ಕಾಲೇಜುಗಳಿಗೆ ಅಂತ ಇದ್ದದ್ದು) ಇಪ್ಪತ್ತೆರಡು ಲಕ್ಷದ ಹತ್ತಿರ ತಂದೆ ಅಂದರೆ ಅನುಮಾನ ಬರುವುದು ಸಹಜ. ಪ್ರಪೋಸಲ್ ಬರೆಯುವುದು ಹೇಗೆ ಅಂತ ಇಲ್ಲಿ ಪಾಠ ಮಾಡಲ್ಲ. ಫಾರ್ಮ್ಯಾಟ್ ನಿಮಗೆ ಗೊತ್ತಿದೆ, ಪೋರ್ಟಲ್ ಕೊನೇ ದಿನ ಕೈ ಕೊಡುವುದೂ ಗೊತ್ತಿದೆ.

ನಾನು ಸೇರಿದ ಕಾಲಕ್ಕೆ ಹೊಸಬರಿಗೆ ಅಂತಲೇ ಇದ್ದದ್ದು ಸ್ಟಾರ್ಟ್‌ಅಪ್ ರಿಸರ್ಚ್ ಗ್ರ್ಯಾಂಟ್. ಎರಡು ವರ್ಷಕ್ಕೆ 30 ಲಕ್ಷದವರೆಗೆ. ಷರತ್ತು ಏನಂದರೆ ಕೆಲಸಕ್ಕೆ ಸೇರಿದ ಎರಡು ವರ್ಷದೊಳಗೆ ಹಾಕಬೇಕು. ಆ ಎರಡು ವರ್ಷ ನನ್ನಿಂದ ನ್ಯಾಕ್ (ಕಾಲೇಜುಗಳಿಗೆ ಗ್ರೇಡ್ ಕೊಡುವ ಸಂಸ್ಥೆ) ಫೈಲು ಮಾಡಿಸಿದರು. ಐದು ವರ್ಷದ ಹಾಜರಾತಿ, ಫೋಟೋ, ಸಹಿ, ಸೀಲು. ಫೈಲು ಮುಗಿದಾಗ ಅವಧಿಯೂ ಮುಗಿದಿತ್ತು. ಈಗ ಎಸ್‌ಇಆರ್‌ಬಿ ಎಎನ್‌ಆರ್‌ಎಫ್ ಅನ್ನುವ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನದೊಳಗೆ ಸೇರಿದೆ. ಹೊಸಬರಿಗೆ ಪ್ರೈಮ್ ಮಿನಿಸ್ಟರ್ ಅರ್ಲಿ ಕರಿಯರ್ ರಿಸರ್ಚ್ ಗ್ರ್ಯಾಂಟ್ ಅಂತ ಬಂದಿದೆ, ಮೂರು ವರ್ಷಕ್ಕೆ 60 ಲಕ್ಷದವರೆಗೆ. ಈಗಷ್ಟೇ ಸೇರಿದವರು ಮೊದಲು ಅದರ ನಿಯಮ ಓದಿ, ಆಮೇಲೆ ನ್ಯಾಕ್ ಕಮಿಟಿಗೆ ಹೂಂ ಅನ್ನಿ.

ಟೇರ್ ಅನ್ನುವ ಅಸೋಸಿಯೇಟ್‌ಶಿಪ್ ಕೂಡ ನೋಡಿದೆ. ನಮ್ಮಂಥ ಕಾಲೇಜಿನವರು ಐಐಎಸ್‌ಸಿ, ಐಐಟಿ, ಎನ್‌ಐಟಿಯಂಥ ಕಡೆ ಹೋಗಿ ಕೆಲಸ ಮಾಡಲಿ ಅಂತಲೇ ಇದ್ದ ಸ್ಕೀಮ್. ವರ್ಷಕ್ಕೆ ಐದು ಲಕ್ಷ, ಅರ್ಧ ಅವರಿಗೆ ಅರ್ಧ ನಮಗೆ. ಆದರೆ ವರ್ಷದಲ್ಲಿ ತೊಂಬತ್ತು ದಿನ ಅಲ್ಲಿರಬೇಕಿತ್ತು. ಪ್ರಿನ್ಸಿಪಾಲರು ಕೇಳಿದ್ದು, "ನಿಮ್ಮ ಕ್ಲಾಸ್ ಯಾರು ತಗೋತಾರಮ್ಮಾ?" ಅಲ್ಲಿಗೆ ಅದು ಮುಗಿಯಿತು.

ಮೊದಲು ಕಳಿಸಿದ ಪ್ರಪೋಸಲ್‌ಗಳೆಲ್ಲ ನ್ಯಾನೋ ಪ್ರಪೋಸಲ್‌ಗಳು. ಗ್ರಾಫೀನ್, ಅದರ ಮೇಲೆ ಇನ್ನೊಂದು ಆಕ್ಸೈಡ್, ಟೈಟಲ್ ಎರಡು ಸಾಲು. ಫ್ಲೋರೈಡ್ ತೆಗೆಯುವ ಹೊಸ ಪುಡಿ ಮಾಡುತ್ತೇನೆ ಅನ್ನುವುದು ಸಾರಾಂಶ. ತಿರುಗಿ ಬಂದ ಕಾಮೆಂಟ್ ಹೆಚ್ಚುಕಡಿಮೆ ಎರಡೇ. ಒಂದು, ಹೊಸತನ ಇಲ್ಲ. ಎರಡು, ಈ ಸಂಸ್ಥೆಯಲ್ಲಿ ಸೌಲಭ್ಯ ಇಲ್ಲ. ಎರಡನೆಯದನ್ನು ಓದಿ ಸ್ಟಾಫ್‌ರೂಮಿನಲ್ಲಿ ಎಲ್ಲರೂ "ನೋಡಿದ್ರಾ, ಪ್ರೈವೇಟ್‌ಗೆ ಕೊಡಲ್ಲ" ಅಂದರು. ನನಗೆ ಹಾಗನ್ನಿಸಲಿಲ್ಲ. ಸೌಲಭ್ಯ ಇಲ್ಲ ಅನ್ನುವುದಕ್ಕೆ ಉತ್ತರ ಕೊಡಬಹುದು. ಪ್ರೈವೇಟ್ ಅನ್ನುವುದಕ್ಕೆ ಉತ್ತರ ಇಲ್ಲ. ಅವರು ಬರೆದದ್ದು ಸೌಲಭ್ಯ ಇಲ್ಲ ಅಂತ, ಅಲ್ವಾ?

ದಿಕ್ಕು ತಿರುಗಿದ್ದು ಕೆಎಸ್‌ಸಿಎಸ್‌ಟಿಯ (ರಾಜ್ಯದ ವಿಜ್ಞಾನ, ತಂತ್ರಜ್ಞಾನ ಮಂಡಳಿ) ಸ್ಟೂಡೆಂಟ್ ಪ್ರಾಜೆಕ್ಟ್‌ನಿಂದ. ನನಗೆ ಹುಡುಗರಿಲ್ಲವಲ್ಲ, ಸಿವಿಲ್ ವಿಭಾಗದ ಗೆಳತಿಯ ತಂಡಕ್ಕೆ ನಾನು ಕೋ-ಗೈಡ್ ಆದೆ. ಬಂದ ಹಣ ನಾಲ್ಕೈದು ಸಾವಿರ. ನಗಬೇಡಿ. ಆ ಹಣದಲ್ಲಿ ಪಾವಗಡ, ಶಿರಾ ಕಡೆಯ ಬೋರ್‌ವೆಲ್ ನೀರು ಕ್ಯಾನುಗಳಲ್ಲಿ ಲ್ಯಾಬಿಗೆ ಬಂತು. ಅಲ್ಲಿಯವರೆಗೆ ನಾನೂ ಎಲ್ಲರಂತೆ ಡಿಸ್ಟಿಲ್ಡ್ ವಾಟರಿಗೆ ಸೋಡಿಯಂ ಫ್ಲೋರೈಡ್ ಹಾಕಿ ಟೆಸ್ಟ್ ಮಾಡುತ್ತಿದ್ದೆ. ಅದರಲ್ಲಿ ಯಾವ ಪುಡಿ ಹಾಕಿದರೂ ರಿಸಲ್ಟ್ ಚೆನ್ನಾಗಿಯೇ ಬರುತ್ತದೆ.

ಬೋರ್ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ ಮೂರ್ನಾಲ್ಕು ಮಿಲಿಗ್ರಾಂ ಇತ್ತು. ಕುಡಿಯುವ ನೀರಿಗೆ ಬಿಐಎಸ್ (ಭಾರತೀಯ ಮಾನಕ ಸಂಸ್ಥೆ) ಮಿತಿ 1, ಬೇರೆ ಮೂಲ ಇಲ್ಲದಿದ್ದರೆ 1.5. ನಮ್ಮ ಅತ್ಯುತ್ತಮ ಪುಡಿ ಈ ನೀರಿನಲ್ಲಿ ಮೊದಲಿನ ಕಾಲು ಭಾಗವೂ ಹಿಡಿಯಲಿಲ್ಲ. ಕಾರಣ ಇಷ್ಟೆ. ಗ್ರಾನೈಟ್ ನೆಲದ ಈ ನೀರಿನಲ್ಲಿ ಬೈಕಾರ್ಬನೇಟ್ ಧಾರಾಳ (ಪುಡಿಯ ಮೇಲೆ ಫ್ಲೋರೈಡ್ ಕೂರುವ ಜಾಗವನ್ನು ಅದೇ ಹಿಡಿಯುತ್ತದೆ), ಕ್ಯಾಲ್ಸಿಯಂ ಕಡಿಮೆ, ಪಿಎಚ್ ಎಂಟರ ಸುತ್ತ. ಕ್ಯಾಲ್ಸಿಯಂ ಕಡಿಮೆ ಇರುವುದರಿಂದಲೇ ಫ್ಲೋರೈಡ್ ನೀರಿನಲ್ಲಿ ಉಳಿಯುತ್ತದೆ. ಫ್ಲೋರೈಡ್ ಫಿಲ್ಟರುಗಳಲ್ಲಿ ಹಾಕುವ ಆ್ಯಕ್ಟಿವೇಟೆಡ್ ಅಲ್ಯುಮಿನಾಗೆ ಬೇಕಾದದ್ದು ಐದೂವರೆ, ಆರರ ಪಿಎಚ್. ಹಳ್ಳಿಯ ಫಿಲ್ಟರುಗಳು ಕೆಲವೇ ತಿಂಗಳಲ್ಲಿ ಸೋಲುವುದಕ್ಕೆ ಇದೂ ಒಂದು ದೊಡ್ಡ ಕಾರಣ.

ಹುಡುಗರು ಬೇಜಾರಾದರು. ರಿಪೋರ್ಟಿನಲ್ಲಿ ಏನು ಬರೆಯುವುದು ಮೇಡಂ ಅಂದರು. ಬಂದದ್ದನ್ನೇ ಬರೆಯಿರಿ ಅಂದೆ. ಮುಂದೆ ನನ್ನ ಪ್ರಪೋಸಲ್‌ನ ಮೊದಲ ಚಿತ್ರ ಆದದ್ದು ಅದೇ ಗ್ರಾಫ್. ಒಂದೇ ಪುಡಿ, ಎರಡು ನೀರು, ಎರಡು ಗೆರೆ. ಒಂದು ಮೇಲೆ, ಇನ್ನೊಂದು ನೆಲಕ್ಕೆ. ಪ್ರಶ್ನೆಯೂ ಬದಲಾಯಿತು. ಹೊಸ ಪುಡಿ ಬೇಡ, ಹಳೇ ಪುಡಿ ನಮ್ಮ ನೀರಿನಲ್ಲಿ ಯಾಕೆ ಸಾಯುತ್ತದೆ, ಅದನ್ನು ಹೇಗೆ ಉಳಿಸುವುದು. ಹಿರಿಯರೊಬ್ಬರು ಓದಿ, "ಸೋತ ಡೇಟಾ ತೋರಿಸಿ ದುಡ್ಡು ಕೇಳ್ತೀರಾ?" ಅಂದರು. ಹೌದು, ಕೇಳಿದೆ.

ಇನ್ನು ಸೌಲಭ್ಯದ ಮಾತು. ಐ-ಸ್ಟೆಮ್ ಪೋರ್ಟಲ್ ಬಳಸುವವರು ನಮ್ಮಲ್ಲಿ ಇನ್ನೂ ಕಡಿಮೆ. ದೇಶದ ಯಾವ ಲ್ಯಾಬಿನಲ್ಲಿ ಯಾವ ಮೆಷಿನ್ ಇದೆ ಅಂತ ಅಲ್ಲೇ ನೋಡಿ ಬುಕ್ ಮಾಡಬಹುದು. ಧಾರವಾಡದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಸೈಫ್ (ಹೊರಗಿನವರಿಗೂ ತೆರೆದ ದೊಡ್ಡ ಮೆಷಿನ್‌ಗಳ ಕೇಂದ್ರ) ಇದೆ. ಐಐಎಸ್‌ಸಿಯ ನ್ಯಾನೋ ಕೇಂದ್ರ ಸೆನ್ಸ್‌ನಲ್ಲಿ ಹೊರಗಿನವರಿಗೆ ಐಎನ್‌ಯುಪಿ ಕಾರ್ಯಕ್ರಮ ಇದೆ. ಎಕ್ಸ್‌ಆರ್‌ಡಿ, ಎಸ್‌ಇಎಂನಂಥ ಪುಡಿಯ ರಚನೆ ನೋಡುವ ಟೆಸ್ಟ್ ಎಲ್ಲ ಸ್ಯಾಂಪಲಿಗೆ ಇಷ್ಟು ಅಂತ ಕೊಟ್ಟು ಮಾಡಿಸಿದೆ. ನೆನಪಿನಿಂದ ಹೇಳುವುದಾದರೆ ಸ್ಯಾಂಪಲಿಗೆ ಐನೂರರಿಂದ ಒಂದೂವರೆ ಸಾವಿರ. ಜಾಸ್ತಿ ಕೆಲಸ ಮಾಡಿಸಲಿಲ್ಲ. ಆದರೆ ಪ್ರತಿ ರಸೀದಿಯನ್ನೂ ಇಟ್ಟುಕೊಂಡೆ. ಸೌಲಭ್ಯದ ಪುಟದಲ್ಲಿ ನಮ್ಮ ಕಾಲೇಜಿನ ಮಫಲ್ ಫರ್ನೇಸು, ಬ್ಯಾಲೆನ್ಸುಗಳ ಉದ್ದ ಪಟ್ಟಿ ಹಾಕುವುದು ಬಿಟ್ಟು, ಯಾವ ಟೆಸ್ಟ್ ಎಲ್ಲಿ ಮಾಡಿಸಿದ್ದೇನೆ, ಎಷ್ಟು ದಿನದಲ್ಲಿ ರಿಸಲ್ಟ್ ಬಂತು, ಎಷ್ಟು ಕೊಟ್ಟೆ ಅಂತ ಒಂದು ಟೇಬಲ್ ಹಾಕಿ ರಸೀದಿ ಲಗತ್ತಿಸಿದೆ. ಆಮೇಲೆ ಸೌಲಭ್ಯದ ಬಗ್ಗೆ ಒಬ್ಬರೂ ಕೇಳಲಿಲ್ಲ. ಇದನ್ನು ನಮ್ಮ ಜಿಲ್ಲೆಯಲ್ಲಿ ನನಗಿಂತ ಮೊದಲು ಯಾರೂ ಮಾಡಿದ್ದು ನಾನು ನೋಡಿಲ್ಲ.

ಅಲ್ಲಿಯವರೆಗಿನ ಖರ್ಚಿಗೆ ಹಣ? ಕಾಲೇಜು ಆಟೋನಮಸ್ ಆದ ಮೇಲೆ ನ್ಯಾಕ್‌ಗೆ ಸೀಡ್ ಮನಿ (ಸಂಶೋಧನೆ ಶುರುಮಾಡಲು ಕಾಲೇಜೇ ಕೊಡುವ ಹಣ) ತೋರಿಸಬೇಕಾಗಿತ್ತು. ಕೊಡುವ ಮನಸ್ಸಿತ್ತೋ ಇಲ್ಲವೋ, ತೋರಿಸುವ ಅಗತ್ಯವಂತೂ ಇತ್ತು. ಒಂದು ಪುಟದ ಅರ್ಜಿ ಕೊಟ್ಟು ಅರವತ್ತು ಸಾವಿರ ತೆಗೆದುಕೊಂಡೆ. ಎರಡು ವರ್ಷ ಆ ಫೈಲು ಮಾಡಿದ್ದಕ್ಕೆ ಬಂದ ಒಂದೇ ಲಾಭ ಅದು. ಅದರಲ್ಲಿ ಮುಕ್ಕಾಲು ಪಾಲು ಫ್ಲೋರೈಡ್ ಅಳೆಯುವ ಎಲೆಕ್ಟ್ರೋಡಿಗೇ ಹೋಯಿತು. ಅಳೆಯುವ ಮೊದಲು ನೀರಿಗೆ ಬೆರೆಸುವ ಟೈಸ್ಯಾಬ್ ದ್ರಾವಣ ನಾವೇ ಮಾಡಿಕೊಂಡೆವು, ರೆಡಿಮೇಡ್ ಕೊಳ್ಳುವುದು ದಂಡ.

ನಡುವೆ ದಾರಿ ತಪ್ಪಿದ್ದೂ ಉಂಟು. ಎಲೆಕ್ಟ್ರೋಡ್ ಬರುವ ಮೊದಲು, ಫ್ಲೋರೈಡ್ ಎಷ್ಟಿದೆ ಅಂತ ತೋರಿಸುವ ಸ್ಪಾಡ್ನ್ಸ್ ಬಣ್ಣವನ್ನು ಮೊಬೈಲ್ ಕ್ಯಾಮೆರಾದಲ್ಲಿ ಓದಿಸಲು ನೋಡಿದೆವು. ಒಂದು ಹುಡುಗಿ ರಟ್ಟಿನ ಪೆಟ್ಟಿಗೆಗೆ ಎಲ್‌ಇಡಿ ಹಾಕಿ ಚೆಂದದ ಸೆಟಪ್ ಮಾಡಿದಳು. ಲ್ಯಾಬಿನ ನೀರಿಗೆ ಬೆಣ್ಣೆಯಂತೆ ನಡೆಯಿತು. ಕಾಲಮ್‌ನಿಂದ (ಪುಡಿ ತುಂಬಿದ ಕೊಳವೆ) ಹೊರಬಂದ ನೀರಿಗೆ ಕೆಟ್ಟಿತು. ಪುಡಿಯಿಂದ ಬಿಡುವ ಚೂರು ಅಲ್ಯುಮಿನಿಯಂ ಸಾಕು, ಆ ಬಣ್ಣ ಸುಳ್ಳು ಹೇಳುತ್ತದೆ. ಆಲ್ಕಲಿನಿಟಿಯೂ ಸೇರಿದರೆ ಕೇಳುವುದೇ ಬೇಡ. ಪೆಟ್ಟಿಗೆ ಈಗಲೂ ಬೀರುವಿನಲ್ಲಿದೆ, ಕಬ್ಬಿಣದ ಟೆಸ್ಟಿಗೆ ಪ್ರಯತ್ನಿಸಬೇಕು. ಇನ್ನೊಂದು ಹುಣಸೆ ಬೀಜ. ತುಮಕೂರಿನಲ್ಲಿ ಹುಣಸೆಗೇನು ಬರ? ಊರಿನವರೇ ಮೂಟೆ ಕೊಟ್ಟರು. ಬೀಜದ ಪುಡಿ ಫ್ಲೋರೈಡ್ ಹಿಡಿಯಿತು, ಅದರಲ್ಲಿ ಎರಡು ಮಾತಿಲ್ಲ. ಮೂರ್ನಾಲ್ಕು ದಿನಕ್ಕೆ ನೀರು ಟೀ ಬಣ್ಣಕ್ಕೆ ತಿರುಗಿ ವಾಸನೆ ಹೊಡೆಯಿತು. ಊರ ಶಾಲೆಯಲ್ಲಿಟ್ಟ ಆ ಕ್ಯಾನನ್ನು ಬಿಸಿಯೂಟದ ಅಡುಗೆಯವರು ಮುಟ್ಟಲೇ ಇಲ್ಲ. ಮೂಳೆ ಇದ್ದಿಲೂ ಫ್ಲೋರೈಡ್ ಹಿಡಿಯುತ್ತದೆ, ಆದರೆ ಅದರ ಮಾತನ್ನು ಆ ಊರಲ್ಲಿ ನಾನು ಎತ್ತಲೇ ಇಲ್ಲ.

ಗೆದ್ದ ಪ್ರಪೋಸಲ್ ಬರೆಯುವಾಗ ನನಗೆ ಹೆದರಿಕೆ ಇದ್ದದ್ದು ಒಂದೇ ಪ್ರಶ್ನೆಗೆ. ಊರೂರಿಗೆ ಶುದ್ಧ ನೀರಿನ ಘಟಕ ಇದೆ, ಐದು ರೂಪಾಯಿಗೆ ಕ್ಯಾನ್ ನೀರು ಸಿಗುತ್ತದೆ, ನಿಮ್ಮ ಫಿಲ್ಟರ್ ಯಾಕೆ? ಅದಕ್ಕೆ ಉತ್ತರವನ್ನು ಪ್ರಶ್ನೆ ಬರುವ ಮೊದಲೇ ಬರೆದುಬಿಟ್ಟೆ. ಆರ್‌ಒ ಘಟಕ ಫ್ಲೋರೈಡನ್ನು ನಾಶ ಮಾಡುವುದಿಲ್ಲ. ತಾನು ಹೊರಹಾಕುವ ರಿಜೆಕ್ಟ್ ನೀರಿನಲ್ಲಿ ಒಟ್ಟುಮಾಡಿ ಪಕ್ಕದ ಚರಂಡಿಗೆ ಬಿಡುತ್ತದೆ. ಆ ರಿಜೆಕ್ಟ್ ನೀರನ್ನೂ ಹಿಡಿದು ಅಳೆದಿದ್ದೆವು, ಬೋರ್ ನೀರಿನ ಎರಡು ಪಟ್ಟಿಗಿಂತ ಜಾಸ್ತಿ ಇತ್ತು. ನನ್ನ ಕಾಲಮ್ ಕೂರುವುದು ಅಲ್ಲಿ, ಅಡುಗೆಮನೆಯಲ್ಲಲ್ಲ. ಬೈಕಾರ್ಬನೇಟ್ ತೊಂದರೆಯೂ ಅಲ್ಲೇ ಜಾಸ್ತಿ, ಆದ್ದರಿಂದ ಪ್ರಶ್ನೆಗೂ ತೂಕ ಬಂತು. ಒಬ್ಬ ರಿವ್ಯೂವರ್ ಈ ಭಾಗವನ್ನೇ ಹಿಡಿದು ಹೊಗಳಿದ್ದರು. ಕಾಲಮ್‌ಗೆ ಮೊದಲು ನೀರಿಗೆ ಏನು ಮಾಡುತ್ತೇನೆ, ಪುಡಿಯನ್ನು ಯಾವ ಕ್ರಮದಲ್ಲಿ ತೊಳೆಯುತ್ತೇನೆ ಅನ್ನುವುದನ್ನು ಇಲ್ಲಿ ಹೇಳಲ್ಲ. ಪೇಪರ್ ಇನ್ನೂ ಹೊರಗೆ ಬಂದಿಲ್ಲ. ಪ್ರಪೋಸಲ್‌ನ ಕೊನೇ ಪುಟದಲ್ಲಿ ಇನ್ನೊಂದು ಸಣ್ಣ ಟೇಬಲ್ ಇದೆ, ಅದೂ ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಬಜೆಟ್ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಎಲ್ಲರೂ ಎಡವುವುದು ಅಲ್ಲೇ. ಶ್ಯೂರ್‌ನ ಮಿತಿ 30 ಲಕ್ಷ ಅಂತ 29.9 ಕೇಳುವವರಿದ್ದರು. ಕೋಟೇಶನ್‌ಗೆ ತಕ್ಕಂತೆ ಪ್ರಶ್ನೆ ಹುಟ್ಟಿಸಿದ್ದು ಓದಿದ ಕೂಡಲೇ ಗೊತ್ತಾಗುತ್ತದೆ. ನನ್ನ ಇಪ್ಪತ್ತೆರಡರಲ್ಲಿ ಹದಿನೈದರಷ್ಟು ಜೆಆರ್‌ಎಫ್‌ಗೇ (ಪ್ರಾಜೆಕ್ಟಿಗೆ ಸೇರಿಸಿಕೊಳ್ಳುವ ಸಂಶೋಧನಾ ಸಹಾಯಕರು). 2023ರ ಜನವರಿಯಿಂದ ತಿಂಗಳಿಗೆ 37,000, ಮೂರನೇ ವರ್ಷ 42,000, ಮೇಲೆ ಎಚ್‌ಆರ್‌ಎ. ಸಾಮಾನಿಗೆ ಮೂರೂವರೆ: ಪೆರಿಸ್ಟಾಲ್ಟಿಕ್ ಪಂಪು, ಇನ್ನೊಂದು ಎಲೆಕ್ಟ್ರೋಡ್ ಮತ್ತು ಮೀಟರ್, ಕಾಲಮ್ ಸೆಟ್, ಒಂದು ಯುಪಿಎಸ್. ಯುಪಿಎಸ್ ಯಾಕೆ ಅಂತ ಕೇಳುವವರು ನಮ್ಮ ಕಡೆ ಒಂದು ಬೇಸಿಗೆ ಇದ್ದು ನೋಡಲಿ. ಉಳಿದದ್ದು ಕೆಮಿಕಲ್, ಹೊರಗಿನ ಅನಾಲಿಸಿಸ್, ಓಡಾಟ. ಜಿಎಸ್‌ಟಿ ಸೇರಿಸಿಯೇ ಕೋಟೇಶನ್ ತರಿಸಿ. 2022ರ ಜುಲೈವರೆಗೆ ಸಂಶೋಧನಾ ಸಂಸ್ಥೆಗಳಿಗೆ ಶೇ 5ರ ರಿಯಾಯಿತಿ ದರ ಇತ್ತು, ಅದನ್ನು ತೆಗೆದಿದ್ದಾರೆ. ಹಳೇ ಪ್ರಪೋಸಲ್ ನೋಡಿ ಕಾಪಿ ಹೊಡೆದವರಿಗೆ ಶೇ 18 ಬಂದಾಗ ಪಂಪೇ ಕೈಬಿಡಬೇಕಾಗುತ್ತದೆ.

ದುಡ್ಡು ಬಂದ ಮೇಲಿನ ಕಷ್ಟ ಬೇರೆಯೇ. ಜೆಆರ್‌ಎಫ್‌ಗೆ ನೆಟ್ ಅಥವಾ ಗೇಟ್ ಬೇಕು. ಜಾಹೀರಾತು ಕೊಟ್ಟರೆ ಮೊದಲ ಸಲ ಯಾರೂ ಬರಲಿಲ್ಲ. ಆಮೇಲೆ ಬಂದ ಹುಡುಗ ಜಾಣ, ಕೆಲವೇ ತಿಂಗಳಿಗೆ ಬೆಂಗಳೂರಿನ ಕಂಪನಿ ಸೇರಿದ. ಮ್ಯಾನ್‌ಪವರ್ ಹಣ ಖರ್ಚಾಗದೆ ಕೂತರೆ ಮುಂದಿನ ಕಂತು ತಡ. ಆ ಹಣದಲ್ಲಿ ಸಾಮಾನು ಕೊಳ್ಳೋಣ ಅಂದರೆ ಆಗಲ್ಲ, ಸಾಮಾನಿನ ಕ್ಯಾಪಿಟಲ್ ಹೆಡ್ಡೇ ಬೇರೆ. ಕೊನೆಗೆ ಜಾಹೀರಾತನ್ನು ಮಧುಗಿರಿ, ಪಾವಗಡದ ಪದವಿ ಕಾಲೇಜುಗಳ ಹಳೇ ವಿದ್ಯಾರ್ಥಿಗಳ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹಾಕಿಸಿದೆ. ಮನೆ ಹತ್ತಿರ ಇರಬೇಕು ಅನ್ನುವ, ಗೇಟ್ ಪಾಸಾದ ಒಬ್ಬಳು ಸಿಕ್ಕಳು. ಈಗ ಕಾಲಮ್ ನನಗಿಂತ ಅವಳಿಗೇ ಚೆನ್ನಾಗಿ ಗೊತ್ತು. ಅವಳ ಪಿಎಚ್‌ಡಿ ರಿಜಿಸ್ಟ್ರೇಷನ್ ಮೊದಲೇ ಮಾಡಿಸಿದ್ದೂ ಅವಳನ್ನು ಉಳಿಸಿತು.

ಕಾಲೇಜಿನ ಅಕೌಂಟ್ಸ್‌ನಲ್ಲಿ ಒಮ್ಮೆ, "ಮೇಡಂ, ಈ ತಿಂಗಳ ಸಂಬಳಕ್ಕೆ ಸ್ವಲ್ಪ ತಗೊಂಡು ಮುಂದಿನ ತಿಂಗಳು ಹಾಕ್ತೀವಿ" ಅಂದರು. ಆಗಲ್ಲ ಅಂದೆ. ಪ್ರಾಜೆಕ್ಟ್ ಖಾತೆ ಬೇರೆ, ಅದರ ಬಡ್ಡಿ ಕೂಡ ಸರ್ಕಾರಕ್ಕೆ ಸೇರಿದ್ದು, ಯುಸಿಯಲ್ಲಿ (ಹಣ ಬಳಸಿದ್ದರ ಪ್ರಮಾಣಪತ್ರ) ಪೈಸೆ ಪೈಸೆ ತೋರಿಸಬೇಕು. ಅಂದಿನಿಂದ ಆ ಕೌಂಟರಿನಲ್ಲಿ ನನ್ನ ಬಿಲ್ಲು ಸ್ವಲ್ಪ ನಿಧಾನ. ಪರವಾಗಿಲ್ಲ. ಪ್ರತಿ ಬಿಲ್ಲಿನ ಜೆರಾಕ್ಸ್ ನನ್ನ ಹತ್ತಿರ ಇದೆ, ಹೆಡ್ ಪ್ರಕಾರ ಎಕ್ಸೆಲ್ ಶೀಟ್ ನಾನೇ ಇಟ್ಟಿದ್ದೇನೆ. ಮಾರ್ಚ್ ಮುಗಿದ ಮೇಲೆ ಆಡಿಟರ್ ಹತ್ತಿರ ಫೈಲು ತೆಗೆದುಕೊಂಡು ಹೋದರೆ ಅರ್ಧ ದಿನದ ಕೆಲಸ.

ಈಗ ನಮ್ಮ ಫಿಸಿಕ್ಸ್‌ನವರೂ ಒಬ್ಬರು ಹಾಕುತ್ತಿದ್ದಾರೆ. ಡ್ರಾಫ್ಟ್ ತಂದಿದ್ದರು. ಟೈಟಲ್‌ನಲ್ಲಿ ಮತ್ತೆ ಗ್ರಾಫೀನ್ ಇತ್ತು. ಮೊದಲು ಅಳೆದ ನಾಲ್ಕು ರೀಡಿಂಗ್, ಧಾರವಾಡದ ಒಂದು ರಸೀದಿ ತನ್ನಿ, ಆಮೇಲೆ ಕೂತು ಓದೋಣ ಅಂತ ವಾಪಸ್ ಕಳಿಸಿದ್ದೇನೆ.