ಹನ್ನೊಂದು ತಿಂಗಳ ನೌಕರಿ

ಸಮಾಜಶಾಸ್ತ್ರದಲ್ಲಿ ಎಂ.ಎ. ಮುಗಿಸಿ ವಿಜಯಪುರದ ಮನೆಯಲ್ಲಿ ಕೂತಾಗ ನನಗೆ ಕಾಣುತ್ತಿದ್ದದ್ದು ಎರಡೇ ದಾರಿ. ಬಿ.ಎಡ್. ಮಾಡಿ ಶಾಲೆಗೆ ಸೇರುವುದು, ಇಲ್ಲಾ ಯಾವುದಾದರೂ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ ಆಗುವುದು. ಸಂಶೋಧನೆ ಅಂದರೆ ಪಿಎಚ್.ಡಿ. ಮಾಡುವವರು ಕೈಯಿಂದ ದುಡ್ಡು ಹಾಕಿ ಮಾಡುವ ಕೆಲಸ ಅಂದುಕೊಂಡಿದ್ದೆ. ಅದಕ್ಕೆ ಸಂಬಳ ಕೊಟ್ಟು ಜನರನ್ನು ಇಟ್ಟುಕೊಳ್ಳುತ್ತಾರೆ ಅನ್ನುವುದು ಗೊತ್ತೇ ಇರಲಿಲ್ಲ.

ಗೊತ್ತಾದದ್ದು ಗ್ರಂಥಾಲಯದಲ್ಲಿ, ಅದೂ ಫ್ಯಾನಿನ ಕೆಳಗೆ ಕೂರುವ ನೆಪದಲ್ಲಿ. ನಮ್ಮೂರ ಮೇ ತಿಂಗಳು ಗೊತ್ತಲ್ವಾ. ಮುಂಬೈಯಿಂದ ವಾರಕ್ಕೊಮ್ಮೆ ಬರುವ ಇಪಿಡಬ್ಲ್ಯು (ಎಕನಾಮಿಕ್ ಅಂಡ್ ಪೊಲಿಟಿಕಲ್ ವೀಕ್ಲಿ) ಪತ್ರಿಕೆಯ ಹಳೇ ಸಂಚಿಕೆಗಳು ಅಲ್ಲಿ ಬಿದ್ದಿರುತ್ತಿದ್ದವು. ಲೇಖನಗಳು ಆಗ ನನಗೆ ಅಷ್ಟಾಗಿ ತಲೆಗೆ ಹೋಗುತ್ತಿರಲಿಲ್ಲ. ಸುಮ್ನೆ ಪುಟ ತಿರುವುತ್ತ ಜಾಹೀರಾತು ಓದುತ್ತಿದ್ದೆ. ಒಂದು ಕಡೆ ‘ರಿಸರ್ಚ್ ಅಸಿಸ್ಟೆಂಟ್ ಬೇಕಾಗಿದ್ದಾರೆ’ ಅಂತ ಇತ್ತು. ಕೇಳಿದ ವಿದ್ಯಾರ್ಹತೆ ನನ್ನದೇ. ಕೊನೆಯ ದಿನಾಂಕ ಮುಗಿದು ಎರಡು ವರ್ಷವಾಗಿತ್ತು!

ಅಲ್ಲಿಂದ ಹುಡುಕಾಟ ಶುರುವಾಯಿತು. ಬೆಂಗಳೂರಿನ ನಾಗರಭಾವಿಯಲ್ಲಿ ಐಸೆಕ್ ಎಂಬ, 1972ರಲ್ಲಿ ಶುರುವಾದ ಸಂಶೋಧನಾ ಸಂಸ್ಥೆ ಇದೆ, ಧಾರವಾಡದಲ್ಲಿ ಸಿಎಂಡಿಆರ್ ಎಂಬ ಇನ್ನೊಂದು ಇದೆ, ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ ಇದೆ ಎಂದು ಒಂದೊಂದಾಗಿ ತಿಳಿಯಿತು. ದೆಹಲಿಯ ಐಸಿಎಸ್‌ಎಸ್‌ಆರ್, ಅಂದರೆ ಸಮಾಜ ವಿಜ್ಞಾನದ ಸಂಶೋಧನೆಗೆ ದುಡ್ಡು ಕೊಡಲು 1969ರಲ್ಲಿ ಕಟ್ಟಿದ ಮಂಡಳಿ, ಪ್ರಾಧ್ಯಾಪಕರಿಗೆ ಯೋಜನೆ ಕೊಡುತ್ತದೆ. ಅವರು ಆ ದುಡ್ಡಿನಲ್ಲಿ ಜನರನ್ನು ತೆಗೆದುಕೊಳ್ಳುತ್ತಾರೆ. ಇದು ಗೊತ್ತಾದ ಮೇಲೆ ಒಂದು ವಿಷಯ ಹೊಳೆಯಿತು. ಇಂಥ ಕೆಲಸ ಬೆಂಗಳೂರಿನಲ್ಲೇ ಇರಬೇಕಿಲ್ಲ. ತೊರವಿಯ ಮಹಿಳಾ ವಿಶ್ವವಿದ್ಯಾಲಯದಲ್ಲೋ ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯದಲ್ಲೋ ಯಾರಿಗಾದರೂ ಯೋಜನೆ ಸಿಕ್ಕರೆ ಅಲ್ಲೂ ಹುದ್ದೆ ಹುಟ್ಟುತ್ತದೆ. ಆದರೆ ಅದರ ಜಾಹೀರಾತು ಆಯಾ ಸಂಸ್ಥೆಯ ವೆಬ್‌ಸೈಟಿನ ಮೂಲೆಯಲ್ಲಿ ಹತ್ತು-ಹದಿನೈದು ದಿನ ಇದ್ದು ಹೋಗಿಬಿಡುತ್ತದೆ. ನಾನು ಪ್ರತಿ ಸೋಮವಾರ ಬೆಳಿಗ್ಗೆ ಹದಿನಾಲ್ಕು ವೆಬ್‌ಸೈಟು ತೆರೆದು ನೋಡುವ ರೂಢಿ ಮಾಡಿಕೊಂಡೆ. ಅವ್ವ ಅದಕ್ಕೆ ‘ಸೋಮವಾರದ ಪೂಜಿ’ ಅನ್ನುತ್ತಿದ್ದಳು.

ಆರು ತಿಂಗಳಲ್ಲಿ ಇಪ್ಪತ್ತಮೂರು ಅರ್ಜಿ ಹಾಕಿದೆ. ಒಂದಕ್ಕೂ ಉತ್ತರವಿಲ್ಲ.

ಕಾರಣ ಈಗ ಗೊತ್ತು. ಝೆರಾಕ್ಸ್ ಅಂಗಡಿಯ ಹುಡುಗ ತನ್ನ ಕಂಪ್ಯೂಟರಿನಲ್ಲಿದ್ದ ಯಾರದೋ ಬಯೋಡಾಟಾ ತೆಗೆದು, ಹೆಸರು ಬದಲಿಸಿ ನನ್ನದು ಮಾಡಿಕೊಟ್ಟಿದ್ದ. ಎಂಟು ಅರ್ಜಿ ಹೋದ ಮೇಲೆ ನೋಡುತ್ತೇನೆ, ‘ಉದ್ದೇಶ’ ಎಂಬ ಕಡೆ ನಾನು ಮೆಕ್ಯಾನಿಕಲ್ ಎಂಜಿನಿಯರಿಂಗ್ ಕ್ಷೇತ್ರದಲ್ಲಿ ಬೆಳೆಯಲು ಬಯಸುತ್ತೇನೆ ಎಂದಿದೆ. ಅದನ್ನು ಅಳಿಸಿದೆ. ಉಳಿದದ್ದೂ ಅದಕ್ಕಿಂತ ಚಲೋ ಏನೂ ಇರಲಿಲ್ಲ. ಎಸ್ಸೆಸ್ಸೆಲ್ಸಿಯಿಂದ ಶೇಕಡಾವಾರು ಅಂಕ, ಹವ್ಯಾಸ ಓದುವುದು, ಭಾಷೆ ಕನ್ನಡ-ಹಿಂದಿ-ಇಂಗ್ಲಿಷ್. ಮರಾಠಿ ಮಾತಾಡಲು ಬರುತ್ತದೆ ಅಂತ ಬರೆದಿರಲಿಲ್ಲ. ಲಂಬಾಣಿ ಅರ್ಥವಾಗುತ್ತದೆ ಅಂತಲೂ ಬರೆದಿರಲಿಲ್ಲ. ಅದು ಬರೆಯುವಂಥ ವಿಷಯ ಅಂತಲೇ ಅನ್ನಿಸಿರಲಿಲ್ಲ. ನಮ್ಮ ಓಣಿಯಲ್ಲಿ ಅದು ಎಲ್ಲರಿಗೂ ಬರುತ್ತದೆ.

ಮನೆಯಲ್ಲಿ ಮಾತು ಶುರುವಾಗಿತ್ತು. “ಬಿ.ಎಡ್. ಮಾಡಿದ್ದರ ಇಷ್ಟೊತ್ತಿಗೆ ಎಲ್ಲೆರೆ ಹತ್ತಿರ್ತಿದ್ದಿ,” ಅಂತ ಕಾಕಾ. ಅವರ ಬಾಯಿ ಮುಚ್ಚಿಸಲು ಒಂದು ಸರ್ವೆ ಏಜೆನ್ಸಿಯ ಕೆಲಸಕ್ಕೆ ಹೋದೆ. ತಿಂಗಳ ಸಂಬಳವಿಲ್ಲ, ಫಾರ್ಮಿಗೆ ಇಷ್ಟು ಅಂತ ಲೆಕ್ಕ. ಇಂಡಿ, ಸಿಂದಗಿ ಕಡೆಯ ಹಳ್ಳಿ ಮತ್ತು ತಾಂಡಾಗಳು. ಬಸ್ಸಿನ ಖರ್ಚು ನಮ್ಮದೇ. ಸೂಪರ್‌ವೈಸರ್ ಎರಡನೇ ವಾರಕ್ಕೇ, “ಎಲ್ಲಾ ಮನಿಗೂ ಹೋಗಬ್ಯಾಡ್ರಿ ಮೇಡಂ, ನಾಕು ಮನಿ ಮಾಡಿ ಉಳಿದದ್ದು ಕುಂತಲ್ಲೇ ತುಂಬ್ರಿ,” ಅಂದ. ಹಾಗೆ ತುಂಬಿದವರಿಗೆ ದುಡ್ಡು ಜಾಸ್ತಿ ಸಿಕ್ಕಿತು. ನನ್ನ ಕೊನೆಯ ಕಂತು ಇವತ್ತಿಗೂ ಬಂದಿಲ್ಲ.

ಆದರೆ ಆ ಕೆಲಸದಲ್ಲಿ ಒಂದು ಅಭ್ಯಾಸ ಬಿತ್ತು. ಫಾರ್ಮಿನ ಚೌಕದಲ್ಲಿ ಹಿಡಿಸದ ಉತ್ತರ ಬಂದಾಗಲೆಲ್ಲ ಅದನ್ನು ಇನ್ನೂರು ಪುಟದ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದೆ. ‘ಆರು ತಿಂಗಳಿಗಿಂತ ಹೆಚ್ಚು ಕಾಲ ಯಾರಾದರೂ ಊರು ಬಿಟ್ಟು ಹೋಗಿದ್ದರೇ?’ ಎಂದು ಫಾರ್ಮು ಕೇಳುತ್ತದೆ. “ಇಲ್ರಿ,” ಅನ್ನುತ್ತಾರೆ. ನಿಜವೇ. ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಹೋಗುವವರು ದೀಪಾವಳಿ ಆಸುಪಾಸಿಗೆ ಹೋಗಿ ಯುಗಾದಿ ಹೊತ್ತಿಗೆ ಬರುತ್ತಾರೆ. ಐದು ತಿಂಗಳು. ಅರ್ಧ ತಾಂಡಾ ಖಾಲಿಯಾಗಿದ್ದರೂ ಫಾರ್ಮಿನ ಪ್ರಕಾರ ಯಾರೂ ಎಲ್ಲಿಗೂ ಹೋಗಿಲ್ಲ. ಮುಂದಿನ ಪ್ರಶ್ನೆ, ‘ಹೆಂಡತಿಯ ಕೂಲಿ ಎಷ್ಟು?’ ಅದಕ್ಕೂ ಉತ್ತರವಿಲ್ಲ. ಮುಕಾದಮ, ಅಂದರೆ ಕೂಲಿಯವರನ್ನು ಒಯ್ಯುವ ಮೇಸ್ತ್ರಿ, ಅಡ್ವಾನ್ಸ್ ಕೊಡುವುದು ಗಂಡ-ಹೆಂಡತಿ ಜೋಡಿಗೆ. ಆ ಜೋಡಿಗೆ ಅಲ್ಲಿ ‘ಕೊಯತಾ’ ಅನ್ನುತ್ತಾರೆ, ಅಂದರೆ ಕುಡುಗೋಲು. ಒಂದು ಕುಡುಗೋಲಿನಲ್ಲಿ ಹೆಂಡತಿಯ ಪಾಲು ಎಷ್ಟು ಅಂತ ಯಾವ ಚೌಕದಲ್ಲಿ ಬರೆಯುವುದು?

ಹೊಲದ ಪ್ರಶ್ನೆಯೂ ಹಾಗೆಯೇ. ‘ಗೇಣಿಗೆ ಜಮೀನು ಮಾಡುತ್ತೀರಾ?’ ಅಂದರೆ ಎಲ್ಲರೂ ಇಲ್ಲ ಅನ್ನುತ್ತಾರೆ. 1974ರ ಭೂ ಸುಧಾರಣೆ ತಿದ್ದುಪಡಿಯ ನಂತರ ಗೇಣಿ ಅನ್ನುವ ಪದವೇ ಕಾನೂನಿನ ಭಯ ತರುವ ಪದ. ಚಹಾ ಕುಡಿಯುತ್ತ “ಈ ವರ್ಷ ಎಷ್ಟು ಎಕರೆ ಲಾವಣಿ ಹಾಕೀರಿ ಕಾಕಾ?” ಅಂದರೆ ಉತ್ತರ ಬೇರೆಯೇ ಬರುತ್ತದೆ. ನಮ್ಮ ಕಡೆ ಲಾವಣಿ ಅಂದರೂ ಗೇಣಿಯೇ. ಪಾಲಿಗೆ ಮಾಡಿದ್ದು ಎಷ್ಟು ಅಂತಲೂ ಹೇಳುತ್ತಾರೆ.

ಇಪ್ಪತ್ತನಾಲ್ಕನೇ ಜಾಹೀರಾತು ಬೆಂಗಳೂರಿನ ಒಂದು ಸಂಶೋಧನಾ ಸಂಸ್ಥೆಯದು. ಉತ್ತರ ಕರ್ನಾಟಕದಿಂದ ದುಡಿಯಲು ಹೋಗುವ ಕುಟುಂಬಗಳ ಅಧ್ಯಯನ. ಫೀಲ್ಡ್ ಇನ್ವೆಸ್ಟಿಗೇಟರ್ ಹುದ್ದೆ, ಹನ್ನೊಂದು ತಿಂಗಳು, ತಿಂಗಳಿಗೆ 15,000. ಬಯೋಡಾಟಾ ಜೊತೆ ‘ಬರವಣಿಗೆಯ ಮಾದರಿ’ ಕೇಳಿದ್ದರು. ನನ್ನ ಎಂ.ಎ. ಪ್ರಬಂಧ ಕಳಿಸಬಹುದಿತ್ತು. ಅದರಲ್ಲಿ ಮುಕ್ಕಾಲು ಭಾಗ ಹಳೇ ಪುಸ್ತಕಗಳಿಂದ ಎತ್ತಿದ ವ್ಯಾಖ್ಯೆಗಳೇ. ಎರಡು ರಾತ್ರಿ ಕೂತು ನೋಟ್‌ಬುಕ್ಕಿನಿಂದ ಮೂರು ಪುಟ ಬರೆದೆ. ಆರು ತಿಂಗಳ ಪ್ರಶ್ನೆ, ಕೊಯತಾ, ಲಾವಣಿ, ಇಷ್ಟೇ. ಇಂಗ್ಲಿಷ್ ತಪ್ಪುಗಳನ್ನು ಹಳೇ ಸಹಪಾಠಿಯೊಬ್ಬಳು ತಿದ್ದಿಕೊಟ್ಟಳು. ಅರ್ಜಿ ಪತ್ರದಲ್ಲಿ ‘ನಾನು ಕಷ್ಟಪಟ್ಟು ಕೆಲಸ ಮಾಡುವವಳು’ ಎಂಬ ಸಾಲು ತೆಗೆದು, ಯಾವ ಮೂರು ತಾಲೂಕುಗಳಲ್ಲಿ ಎಷ್ಟು ಮನೆ ಹೊಕ್ಕಿದ್ದೇನೆ, ಯಾವ ಯಾವ ಭಾಷೆಯಲ್ಲಿ ಮಾತಾಡಿಸಬಲ್ಲೆ ಅಂತ ಹಾಕಿದೆ.

ಒಂಬತ್ತನೇ ದಿನ ಮೇಲ್ ಬಂತು. ಸಂದರ್ಶನಕ್ಕೆ ಮೊದಲು ಒಂದು ಪರೀಕ್ಷೆ: ಪ್ರಶ್ನಾವಳಿಯ ಎರಡು ಪುಟವನ್ನು ಕನ್ನಡಕ್ಕೆ ತಂದು ಕಳಿಸಬೇಕು. ಅನುವಾದಿಸಿ, ‘ನುಡಿ’ ಎಂಬ ಕನ್ನಡ ತಂತ್ರಾಂಶದ ಹಳೇ ಫಾಂಟಿನಲ್ಲಿ ಟೈಪ್ ಮಾಡಿ ಕಳಿಸಿದೆ. ಸಂಜೆ ಫೋನು. “ನೀವು ಕಳಿಸಿದ್ದು ಕನ್ನಡವೇನಾ? ನಮ್ಮಲ್ಲಿ ಬರೀ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣ್ತಿದೆ.” ಯಾರ ಕಂಪ್ಯೂಟರಿನಲ್ಲೂ ಕನ್ನಡ ಕನ್ನಡವಾಗಿಯೇ ಕಾಣಬೇಕಾದರೆ ಯೂನಿಕೋಡ್‌ನಲ್ಲಿ ಟೈಪ್ ಮಾಡಬೇಕು ಅಂತ ನಾನು ಕಲಿತದ್ದು ಅವತ್ತು ರಾತ್ರಿ. ಎಲ್ಲವನ್ನೂ ಮೊಬೈಲಿನಲ್ಲಿ ಮತ್ತೆ ಕುಟ್ಟಿ, ಬೆಳಗಿನ ಜಾವ ಎರಡಕ್ಕೆ ಕಳಿಸಿದೆ. ಇದನ್ನು ಯಾಕೆ ಹೇಳಿದೆ ಅಂದರೆ, ನಮ್ಮ ಕಡೆ ಡಿಟಿಪಿ ಅಂಗಡಿಗಳಲ್ಲಿ ಇವತ್ತಿಗೂ ಹಳೇ ಫಾಂಟಿನಲ್ಲೇ ಟೈಪ್ ಮಾಡಿಕೊಡುತ್ತಾರೆ. ಕಳಿಸುವ ಮೊದಲು ಅದನ್ನು ನಿಮ್ಮ ಮೊಬೈಲಿನಲ್ಲಿ ಒಮ್ಮೆ ತೆರೆದು ನೋಡಿ.

ಗೋಲಗುಂಬಜ ಎಕ್ಸ್‌ಪ್ರೆಸ್ಸಿನಲ್ಲಿ ಸಂಜೆ ಹತ್ತಿ ಬೆಳಿಗ್ಗೆ ಬೆಂಗಳೂರಲ್ಲಿ ಇಳಿದೆ. ಪ್ರಯಾಣ ಭತ್ಯೆ ಇಲ್ಲ ಅಂತ ಮೊದಲೇ ಹೇಳಿದ್ದರು. ಸಂದರ್ಶನದಲ್ಲಿ ಮೂವರಿದ್ದರು. ನಿಮ್ಮ ಬಗ್ಗೆ ಹೇಳಿ ಅಂತ ಇಂಗ್ಲಿಷಿನಲ್ಲಿ ಕೇಳಿದಾಗ ಬಾಯಿಪಾಠ ಮಾಡಿದ್ದೆಲ್ಲ ಮರೆತುಹೋಯಿತು. ಮೂರನೇ ವಾಕ್ಯಕ್ಕೆ ನಿಂತೆ. ಮೂಲೆಯಲ್ಲಿದ್ದ ಮೇಡಂ ನನ್ನ ಅನುವಾದ ಕೈಯಲ್ಲಿ ಹಿಡಿದಿದ್ದರು. “ಹೌಸ್‌ಹೋಲ್ಡ್ ಅನ್ನೋದಕ್ಕೆ ‘ಒಂದೇ ಒಲೆಯಲ್ಲಿ ಉಣ್ಣುವವರು’ ಅಂತ ಯಾಕೆ ಬರೆದಿರಿ? ಕುಟುಂಬ ಅನ್ನಬಹುದಿತ್ತಲ್ಲ?” ಅಂದರು, ಕನ್ನಡದಲ್ಲೇ.

ಅದಕ್ಕೆ ಉತ್ತರ ಬಾಯಿಪಾಠ ಬೇಕಿರಲಿಲ್ಲ. ಜನಗಣತಿಯಲ್ಲೂ ಲೆಕ್ಕ ಒಂದೇ ಅಡುಗೆಮನೆಯದು ಅಂದೆ. ನಮ್ಮ ಕಡೆ ಅಣ್ಣತಮ್ಮಂದಿರು ‘ಬ್ಯಾರೆ ಆಗ್ಯಾರ’ ಅಂದರೆ ಒಲೆ ಬೇರೆಯಾಗಿದೆ ಅಂತ ಅರ್ಥ. ಹೊಲದ ಉತಾರ, ಅಂದರೆ ಪಹಣಿ, ಇನ್ನೂ ಅಪ್ಪನ ಹೆಸರಿನಲ್ಲೇ ಇರಬಹುದು. ಕುಟುಂಬ ಎಷ್ಟು ಜನ ಅಂದರೆ ಅಜ್ಜ ಹದಿನೆಂಟು ಅನ್ನುತ್ತಾನೆ, ಸೊಸೆ ಐದು ಅನ್ನುತ್ತಾಳೆ. ಇಬ್ಬರದೂ ಸುಳ್ಳಲ್ಲ. ಯಾರನ್ನು ಕೇಳಿದಿರಿ ಅನ್ನುವುದರ ಮೇಲೆ ನಿಮ್ಮ ಲೆಕ್ಕ ಬದಲಾಗುತ್ತದೆ. ಹತ್ತು ನಿಮಿಷ ಹಾಗೇ ಮಾತಾಡಿದೆ. ಅರ್ಧ ಇಂಗ್ಲಿಷ್, ಅರ್ಧ ವಿಜಯಪುರದ ಕನ್ನಡ. ಮರುವಾರ ಆದೇಶ ಬಂತು.

ಹನ್ನೊಂದು ತಿಂಗಳು ಮುಗಿಯುವ ಹೊತ್ತಿಗೆ ಅದೇ ತಂಡದಲ್ಲಿ ರಿಸರ್ಚ್ ಅಸಿಸ್ಟೆಂಟ್ ಆದೆ. ಕೋಬೋ ಎಂಬ ಉಚಿತ ಆ್ಯಪಿನಲ್ಲಿ ಫಾರ್ಮು ಕಟ್ಟುವುದು, ಬಂದ ಮಾಹಿತಿಯನ್ನು ಎಕ್ಸೆಲ್‌ನಲ್ಲಿ ಸ್ವಚ್ಛ ಮಾಡುವುದು ಕಲಿತೆ. ಅಂಕಿಅಂಶ ಲೆಕ್ಕ ಹಾಕುವ ಸಾಫ್ಟ್‌ವೇರುಗಳಲ್ಲಿ ಸ್ಟೇಟಾಕ್ಕೆ ಲೈಸೆನ್ಸ್ ದುಡ್ಡು ಬೇಕು, ಆರ್‌ಗೆ ಬೇಡ. ಹಾಗಾಗಿ ಆರ್ ಕಲಿಯುತ್ತಿದ್ದೇನೆ, ಇನ್ನೂ ಕುಂಟುತ್ತ. ಕಾಲೇಜು ಅಧ್ಯಾಪಕರ ಅರ್ಹತೆಗೆ ಬರೆಯುವ ನೆಟ್ ಪರೀಕ್ಷೆ ಮೂರನೇ ಸಲಕ್ಕೆ ಪಾಸಾದೆ, ಅದರಲ್ಲೇ ಸಿಗುವ ಸಂಶೋಧನಾ ಶಿಷ್ಯವೇತನ ಜೆಆರ್‌ಎಫ್ ಸಿಗಲಿಲ್ಲ. ನೆಟ್ ಇಲ್ಲದಿದ್ದರೆ ಅರ್ಜಿ ಹಾಕಲೇಬಾರದು ಅಂತ ತುಂಬಾ ಜನ ತಿಳಿದಿದ್ದಾರೆ. ಫೀಲ್ಡ್ ಇನ್ವೆಸ್ಟಿಗೇಟರ್‌ಗೆ ಐಸಿಎಸ್‌ಎಸ್‌ಆರ್ ನಿಯಮದಲ್ಲಿ ಕೇಳುವುದು ಶೇ. 55 ಅಂಕದ ಎಂ.ಎ. ಮಾತ್ರ. ಮೇಲಿನ ಹುದ್ದೆಗಳಿಗೆ ನೆಟ್, ಎಂ.ಫಿಲ್. ಅಥವಾ ಪಿಎಚ್.ಡಿ. ಕೇಳುವುದುಂಟು. ದರವೂ ಈಗ ಏರಿದೆ. ಅವರ ಯೋಜನೆಗಳ ಜಾಹೀರಾತುಗಳಲ್ಲಿ ರಿಸರ್ಚ್ ಅಸೋಸಿಯೇಟ್‌ಗೆ 47,000, ರಿಸರ್ಚ್ ಅಸಿಸ್ಟೆಂಟ್‌ಗೆ 37,000, ಫೀಲ್ಡ್ ಇನ್ವೆಸ್ಟಿಗೇಟರ್‌ಗೆ 20,000 ಅಂತ ಕಾಣುತ್ತದೆ.

ಜಾಹೀರಾತನ್ನು ನಾನೀಗ ಕೆಳಗಿನಿಂದ ಮೇಲಕ್ಕೆ ಓದುತ್ತೇನೆ. ಮೇಲೆ ಸಂಸ್ಥೆಯ ಹೆಸರು, ಯೋಜನೆಯ ಉದ್ದನೆಯ ಶೀರ್ಷಿಕೆ, ಎಲ್ಲಾ ಚೆಂದವೇ ಇರುತ್ತದೆ. ನಮಗೆ ಬೇಕಾದದ್ದು ಕೆಳಗೆ ಸಣ್ಣ ಅಕ್ಷರದಲ್ಲಿ: ಎಷ್ಟು ತಿಂಗಳು, ದುಡ್ಡು ಯಾರದು, ಯೋಜನೆ ಮುಗಿದರೆ ಹುದ್ದೆಯೂ ಮುಗಿಯುತ್ತದೆಯೇ. ಯೋಜನೆಯ ದುಡ್ಡು ಕಂತಿನಲ್ಲಿ ಬರುತ್ತದೆ. ಕಂತು ತಡವಾದರೆ ಸಂಬಳವೂ ತಡ. ಒಂದು ಕಡೆ ನನಗೆ ನಾಲ್ಕು ತಿಂಗಳ ಸಂಬಳ ಒಟ್ಟಿಗೆ ಬಂತು. ಆ ನಾಲ್ಕು ತಿಂಗಳು ಅಪ್ಪನ ಕಿರಾಣಿ ಅಂಗಡಿ ನನ್ನ ಬಾಡಿಗೆ ಕಟ್ಟಿತು. ಈಗ ಸಂದರ್ಶನದ ಕೊನೆಯಲ್ಲಿ ನೀವೇನಾದರೂ ಕೇಳುವುದಿದೆಯೇ ಅಂದರೆ ನಾನು ಕೇಳುವುದು ಅದನ್ನೇ. “ಮೊದಲ ಕಂತು ಬಂದಿದೆಯೇ ಸರ್?” ಯಾರೂ ಬೇಜಾರು ಮಾಡಿಕೊಂಡಿಲ್ಲ. ಒಬ್ಬರು ನಕ್ಕು, “ಬಂದಿಲ್ಲಮ್ಮ,” ಅಂದರು. ಆ ಕೆಲಸಕ್ಕೆ ನಾನು ಸೇರಲಿಲ್ಲ.

ಹೋದ ವರ್ಷ ನಮ್ಮ ತಂಡಕ್ಕೆ ಇಬ್ಬರು ಬೇಕಿತ್ತು. ಬಂದ ಅರ್ಜಿಗಳನ್ನು ಮೊದಲ ಸುತ್ತು ಜಾಲಿಸುವ ಕೆಲಸ ನನ್ನದು. ನೂರಾ ನಲವತ್ತು ಅರ್ಜಿ. ಹತ್ತಾರು ಮೇಲ್‌ಗಳಲ್ಲಿ ಯಾವ ಹುದ್ದೆಗೆ ಅಂತಲೇ ಇಲ್ಲ. ಪರಿಚಯ ಹೇಳುವವರು ಅಂತ ಕೊಟ್ಟ ಪ್ರಾಧ್ಯಾಪಕರಿಗೆ ಫೋನ್ ಮಾಡಿದರೆ, “ಯಾರವಳು?” ಅಂದರು. ಹೆಸರು ಕೊಡುವ ಮೊದಲು ಅವರಿಗೊಂದು ಮಾತು ಹೇಳಿರಬೇಕಲ್ವಾ. ಬಾಗಲಕೋಟೆ ಕಡೆಯಿಂದ ಒಬ್ಬ ಹುಡುಗನ ಅರ್ಜಿ ಬಂದಿತ್ತು. ಅದೇ ‘ಕಷ್ಟಪಟ್ಟು ಕೆಲಸ ಮಾಡುವವನು’, ಅದೇ ಹವ್ಯಾಸಗಳು. ವಿಳಾಸ ನೋಡಿದರೆ ಆಲಮಟ್ಟಿ ಹಿನ್ನೀರಿನ ಪುನರ್ವಸತಿ ಕೇಂದ್ರದ್ದು. ಮುಳುಗಡೆ ಊರಿನಿಂದ ಎದ್ದುಬಂದ ಮನೆಯ ಹುಡುಗ, ಮುಳುಗಡೆಯ ಮೇಲಿನ ಅಧ್ಯಯನಕ್ಕೆ ಅರ್ಜಿ ಹಾಕಿ, ಆ ವಿಷಯ ಒಂದು ಸಾಲೂ ಬರೆದಿಲ್ಲ. ನನಗೆ ತಡೆಯಲಾಗಲಿಲ್ಲ, ಫೋನ್ ಮಾಡಿದೆ. “ಅದನ್ನೇನ್ ಬರೀಬೇಕ್ರಿ ಅಕ್ಕಾರ, ನಮ್ಮ ಕಡೆ ಎಲ್ಲಾರ್ದೂ ಅದೇ ಕತಿ,” ಅಂದ. ಕೊನೆಯ ದಿನಾಂಕಕ್ಕೆ ಇನ್ನೂ ಎರಡು ದಿನ ಇತ್ತು. ಒಂದು ಪುಟ ಬರೆದು ಮತ್ತೆ ಕಳಿಸು ಅಂದೆ. ಕಳಿಸಿದ. ಪರಿಹಾರದ ಹಣ ಯಾವ ಮನೆಯಲ್ಲಿ ಟ್ರ್ಯಾಕ್ಟರ್ ಆಯಿತು, ಯಾವ ಮನೆಯಲ್ಲಿ ಮದುವೆ ಆಯಿತು ಅಂತ ತನ್ನ ಓಣಿಯ ಹನ್ನೆರಡು ಮನೆ ಬರೆದಿದ್ದ. ಆಯ್ಕೆ ಸಮಿತಿಯಲ್ಲಿ ನಾನಿರಲಿಲ್ಲ. ಅವನು ಈಗ ನನ್ನ ಪಕ್ಕದ ಟೇಬಲ್ಲಿನಲ್ಲಿ ಕೂರುತ್ತಾನೆ.

ನನ್ನ ಈಗಿನ ಯೋಜನೆ ಮಾರ್ಚಿಗೆ ಮುಗಿಯುತ್ತದೆ. ಸೋಮವಾರದ ಪೂಜೆ ಮತ್ತೆ ಶುರು ಮಾಡಿದ್ದೇನೆ. ಮೊನ್ನೆ ಊರಿಗೆ ಹೋದಾಗ ಒಂದು ಅರ್ಜಿ ಹಾಕುತ್ತ ಕೂತಿದ್ದೆ. ಅವ್ವ ರೊಟ್ಟಿ ಬಡಿಯುತ್ತ ಕೇಳಿದಳು.

“ಇದರೆ ಪರ್ಮನೆಂಟ್ ಐತೇನ?”

“ಇಲ್ಲಬೇ. ಎರಡು ವರ್ಷ.”

“ಹೋದ ಸಲಕ್ಕಿಂತ ಚಲೋ ಆತ ಬಿಡು,” ಅಂದಳು.