ಕೈಗವಸು ಕೊಳ್ಳುವ ಮುನ್ನ ರಾಸಾಯನಿಕ ಯಾವುದೆಂದು ನೋಡಿ

ಅಪಾಯಕಾರಿ ರಾಸಾಯನಿಕಗಳೊಡನೆ ಕೆಲಸ ಮಾಡುವವರಲ್ಲಿ ಒಂದು ಮನವಿ: ದಪ್ಪಗಿದೆ ಎಂಬ ಒಂದೇ ಕಾರಣಕ್ಕೆ ಯಾವ ಕೈಗವಸನ್ನೂ ನಂಬಬೇಡಿ. ಎಣ್ಣೆ, ಗ್ರೀಸ್‌ಗಳನ್ನು ಚೆನ್ನಾಗಿ ತಡೆಯುವ ನೈಟ್ರೈಲ್ ಎಂಬ ಕೃತಕ ರಬ್ಬರ್, ಅಸಿಟೋನ್ ಎಂಬ ದ್ರಾವಕದ ಮುಂದೆ ಬೇಗ ಸೋಲುತ್ತದೆ. ಅಲ್ಲಿ ಬ್ಯೂಟೈಲ್ ರಬ್ಬರ್ ಬೇಕು. ತೂತೇ ಇಲ್ಲದ ಕೈಗವಸಿನ ಮೂಲಕವೂ ದ್ರವ ಅಣು ಅಣುವಾಗಿ ಒಳಗಿಳಿಯಬಲ್ಲದು, ಕಣ್ಣಿಗೆ ಕಾಣುವುದಿಲ್ಲ. 1996ರಲ್ಲಿ ರಸಾಯನಶಾಸ್ತ್ರಜ್ಞೆ ಕ್ಯಾರೆನ್ ವೆಟರ್‌ಹಾನ್ ಅವರ ಲ್ಯಾಟೆಕ್ಸ್ ಕೈಗವಸಿನ ಮೇಲೆ ಬಿದ್ದ ಡೈಮೀಥೈಲ್ ಮರ್ಕ್ಯುರಿ ಎಂಬ ಘೋರ ವಿಷದ ಪಾದರಸ ಸಂಯುಕ್ತದ ಕೆಲವೇ ಹನಿಗಳು ಮರುವರ್ಷ ಅವರ ಜೀವ ತೆಗೆದವು.

ರಾಸಾಯನಿಕದೊಡನೆ ಸಿಗುವ ಸುರಕ್ಷತಾ ಮಾಹಿತಿ ಹಾಳೆಯಲ್ಲಿ, ರಕ್ಷಣಾ ಸಾಧನಗಳ ಬಗ್ಗೆ ಹೇಳುವ 8ನೇ ವಿಭಾಗ ಓದಿ. ಯಾವ ಕೈಗವಸು ಎಷ್ಟು ನಿಮಿಷ ತಡೆಯುತ್ತದೆ ಎಂಬುದನ್ನು ತಯಾರಕರ ಪಟ್ಟಿಯಲ್ಲಿ ಪರಿಶೀಲಿಸಿ. ಹತ್ತಿ ಬಟ್ಟೆ ದ್ರವವನ್ನು ಹೀರಿ ಚರ್ಮಕ್ಕೆ ಅಂಟಿಸಿಡುತ್ತದೆ, ಅದನ್ನು ರಕ್ಷಣೆ ಎಂದು ಎಣಿಸಲೇಬೇಡಿ. ಪ್ಯಾಂಟನ್ನು ಬೂಟಿನ ಹೊರಗೇ ಬಿಡಿ. ಒಳಗೆ ತುರುಕಿದರೆ ಚೆಲ್ಲಿದ್ದೆಲ್ಲ ನೇರ ಪಾದಕ್ಕೆ ಇಳಿಯುತ್ತದೆ.